ಶನಿಮಂಡಲದ ಮಳೆಗಾಲ

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಕದಂಬರ ಶಾಸನವನ್ನೋ ಹೊಯ್ಸಳರ ಶಿಲ್ಪವನ್ನೋ ಕುರಿತು ಬರೆಯುವುದು ವಾಡಿಕೆ. ಇತಿಹಾಸದ ಮೇಲೆ ಒಂದು ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ ನಾವೂ ಮೊದಲು ಬಾದಾಮಿಯ ಕಡೆಗೇ ಮುಖ ಮಾಡಿದ್ದೆವು. ಆದರೆ ಅದೇ ಸಂಜೆ ಮಲಾಡ್ ಸ್ಟೇಷನ್ನಿನಲ್ಲಿ ಇಳಿದು ಮನೆಯ ದಾರಿ ಹಿಡಿಯುವಷ್ಟರಲ್ಲಿ ಸುರಿದ ಮಳೆ ನಮ್ಮನ್ನು ಒಂದು ಅಂಗಡಿಯ ಮಾಡಿನ ಕೆಳಗೆ ಮುಕ್ಕಾಲು ಗಂಟೆ ನಿಲ್ಲಿಸಿತು. ಪಕ್ಕದಲ್ಲಿ ನಿಂತಿದ್ದವರು ಉಡುಪಿಯ ಕಡೆಯ ಹಿರಿಯರೊಬ್ಬರು. ಮಾತು ಊರಿನ ಮಳೆಯಿಂದ ಹೊರಟು 2005ನೆಯ ಇಸವಿಯ ಜುಲೈ 26ಕ್ಕೆ ಬಂದು ನಿಂತಿತು. ಈ ಉಪನಗರಗಳಲ್ಲಿ ಯಾವ ಇಬ್ಬರು ಮಳೆಗೆ ಸಿಕ್ಕಿಕೊಂಡರೂ ಮಾತು ಅಲ್ಲಿಗೇ ಬಂದು ನಿಲ್ಲುವುದಷ್ಟೆ. ಕೊನೆಗೆ ಅವರು, "ಅಲ್ಲ ಮಾರಾಯ್ರೆ, ಅಷ್ಟೊಂದು ನೀರನ್ನು ಮೇಲೆ ಯಾರು ಹಿಡಿದಿಟ್ಟಿದ್ದರು? ಹಿಡಿದಿಟ್ಟವರು ಒಮ್ಮೆಗೇ ಯಾಕೆ ಬಿಟ್ಟರು?" ಎಂದು ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿ ಪುಸ್ತಕಗಳನ್ನು ತಿರುವುತ್ತ ಹೋದ ನಾವು ಕಟ್ಟಕಡೆಗೆ ಶನಿಗ್ರಹವನ್ನು ಮುಟ್ಟಿದೆವು. ಬಾದಾಮಿ ಮುಂದಿನ ವರ್ಷಕ್ಕಿರಲಿ.

ಆ ಮಂಗಳವಾರವನ್ನು ಕಂಡವರಿಗೆ ಹೇಳಬೇಕಾದುದೇನೂ ಇಲ್ಲ. ಆಮೇಲೆ ಹುಟ್ಟಿದ ಮಕ್ಕಳಿಗಾಗಿ ನಾಲ್ಕು ಮಾತು. ನಮ್ಮೂರ ಲೆಕ್ಕದಲ್ಲಿ ಅವು ಪುಷ್ಯ ಮಳೆಯ ದಿನಗಳು. ಮಧ್ಯಾಹ್ನದ ಊಟದ ಹೊತ್ತು ಕಳೆಯುತ್ತಲೇ ಕತ್ತಲು ಕವಿಯಿತು. 27ರ ಬೆಳಗಿನ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜಿನ ಹವಾಮಾನ ವೀಕ್ಷಣಾಲಯದಲ್ಲಿ ಬಿದ್ದ ಮಳೆ 944 ಮಿಲಿಮೀಟರು. ನಗರದ ದಕ್ಷಿಣ ತುದಿಯಲ್ಲಿರುವ ಕೊಲಾಬಾದಲ್ಲಿ ಅದೇ 24 ಗಂಟೆಗಳಲ್ಲಿ ಬಿದ್ದುದು 73 ಮಿಲಿಮೀಟರು ಮಾತ್ರ! ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ನಾವು ಅಂಧೇರಿಯಲ್ಲಿ ಹಳಿಯ ಮೇಲೆ ಇಳಿದು, ಎಸ್. ವಿ. ರೋಡಿನಲ್ಲಿ ಒಬ್ಬರ ಹೆಗಲನ್ನು ಒಬ್ಬರು ಹಿಡಿದುಕೊಂಡು ನಡೆದು ಮಲಾಡ್ ಸೇರಿದಾಗ ಬೆಳಗಿನ ಜಾವ ಮೂರಾಗಿತ್ತು. ದಾರಿಯಲ್ಲಿ, ಗೋರೆಗಾಂವದ ಹತ್ತಿರ, ನಮ್ಮ ಕಡೆಯವರೊಬ್ಬರ ಹೋಟೆಲು ಮೊಣಕಾಲುದ್ದ ನೀರಿನಲ್ಲೂ ಬಾಗಿಲು ಹಾಕಿರಲಿಲ್ಲ. ಮೇಜಿನ ಮೇಲೆ ಕಾಲು ಮಡಿಸಿ ಕುಳಿತು ಕುಡಿದ ಆ ಚಹಾಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ನಗರದಲ್ಲಿ ಅಂದು ನೂರಾರು ಜನ ತೀರಿಕೊಂಡರು. ಮನೆ ಮುಟ್ಟಿದವರು ಪುಣ್ಯವಂತರು.

944 ಮಿಲಿಮೀಟರು ಎಂದರೆಷ್ಟು? ಒಂದು ಚದರ ಮೀಟರ್ ಜಾಗದ ಮೇಲೆ 944 ಲೀಟರ್ ನೀರು. ಒಬ್ಬನು ಕುಳಿತುಕೊಳ್ಳುವಷ್ಟು ಜಾಗಕ್ಕೆ ಅರುವತ್ತಕ್ಕೂ ಹೆಚ್ಚು ದೊಡ್ಡ ಬಕೆಟ್ಟುಗಳು. ಇಲ್ಲಿ ಮೊದಲ ಆಶ್ಚರ್ಯ ಎದುರಾಗುತ್ತದೆ. ಮಳೆಗಾಲದ ಒದ್ದೆಯಾದ ದಿನದಲ್ಲಿಯೂ ನಮ್ಮ ನೆತ್ತಿಯ ಮೇಲೆ, ನೆಲದಿಂದ ಆಕಾಶದ ತುದಿಯವರೆಗೆ, ಗಾಳಿಯಲ್ಲಿರುವ ಆವಿಯನ್ನೆಲ್ಲ ಒಮ್ಮೆಗೇ ಹಿಂಡಿ ಇಳಿಸಿದರೂ ನೆಲದ ಮೇಲೆ ನಿಲ್ಲುವ ನೀರು ಆರೇಳು ಸೆಂಟಿಮೀಟರು ಮಾತ್ರ. ಹಾಗಾದರೆ ಉಳಿದ ನೀರು ಎಲ್ಲಿಂದ ಬಂತು? ಸುತ್ತಲಿನ ಅರಬ್ಬೀ ಸಮುದ್ರದ ಮೇಲಿಂದ, ಗಾಳಿಯೊಡನೆ, ಗಂಟೆಗಟ್ಟಲೆ ಹರಿದು ಬಂತು. ಮೋಡವೆಂಬುದು ನೀರು ತುಂಬಿಟ್ಟ ಹಂಡೆಯಲ್ಲ. ಬದಿಗಳಿಂದ ಒದ್ದೆ ಗಾಳಿಯನ್ನು ಒಳಗೆಳೆದು, ಮೇಲಕ್ಕೆ ಒಯ್ದು, ನೀರನ್ನು ಬೇರ್ಪಡಿಸಿ ಕೆಳಗೆ ಚೆಲ್ಲುವ ಒಂದು ಯಂತ್ರ. ಆದ್ದರಿಂದ ಹಿರಿಯರ ಪ್ರಶ್ನೆಗೆ ಮುಂಬಯಿಯ ಮಟ್ಟಿಗೆ ಉತ್ತರ: ಆ ನೀರನ್ನು ಮೇಲೆ ಯಾರೂ ಹಿಡಿದಿಟ್ಟಿರಲಿಲ್ಲ.

ಹಿಡಿದಿಡುವ ಕಲ್ಪನೆ ಮಾತ್ರ ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೋಡಗಳು ಗರ್ಭ ಕಟ್ಟುವ ವಿಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅವನ ಪ್ರಕಾರ ಗರ್ಭ ನಿಂತ 195 ದಿನಗಳ ಬಳಿಕ ಮಳೆಯ ಪ್ರಸವವಾಗಬೇಕು. ನಗುವವರು ನಗಲಿ. ಮಳೆಗೂ ಅದಕ್ಕಿಂತ ಹಿಂದಿನ ತಿಂಗಳುಗಳ ಆಕಾಶಕ್ಕೂ ಸಂಬಂಧವಿರಬೇಕೆಂದು ಊಹಿಸಿ, ದಿನ ಎಣಿಸಿ ಬರೆದಿಟ್ಟ ಆ ಮನೋಧರ್ಮಕ್ಕೆ ನಾವಂತೂ ಕೈ ಮುಗಿಯುತ್ತೇವೆ. ಮುಂದೆ ಈ ಲೆಕ್ಕ ಇನ್ನೊಂದು ರೂಪದಲ್ಲಿ ನಮ್ಮೆದುರಿಗೆ ಬರಲಿದೆ.

ಯಂತ್ರಕ್ಕೆ ಉರುವಲು ಯಾವುದೆಂಬುದು ಹದಿನೆಂಟನೆಯ ಶತಮಾನದಲ್ಲಿ ಗೊತ್ತಾಯಿತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತನು 1760ರ ಸುಮಾರಿಗೆ ಒಂದು ಸಂಗತಿಯನ್ನು ತೂಗಿ ನೋಡಿದನು. ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖಕ್ಕಿಂತ, ಕುದಿಯುವ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಬೇಕಾಗುವ ಶಾಖ ಐದು ಪಟ್ಟಿಗೂ ಹೆಚ್ಚು. ಆ ಶಾಖ ಆವಿಯಲ್ಲಿ ಅಡಗಿ ಕುಳಿತು, ಆವಿ ಮರಳಿ ನೀರಾಗುವಾಗ ಹೊರಗೆ ಬರುತ್ತದೆ. ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಹೆಸರು ಗೊತ್ತಿಲ್ಲದಿದ್ದರೂ ವಿಷಯ ನಮ್ಮ ಹೆಂಗಸರಿಗೂ ಹೋಟೆಲಿನ ಅಡುಗೆಯವರಿಗೂ ಗೊತ್ತು: ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆಯುವಾಗ ಆವಿ ತಗಲಿದರೆ, ಕುದಿನೀರು ತಗಲಿದುದಕ್ಕಿಂತ ಹೆಚ್ಚು ಸುಡುತ್ತದೆ. 1802ರಲ್ಲಿ ಲಂಡನ್ನಿನ ಲ್ಯೂಕ್ ಹೊವಾರ್ಡ್ ಎಂಬ ಔಷಧ ವ್ಯಾಪಾರಿ ಮೋಡಗಳಿಗೆ ಜಾತಿಗಳನ್ನು ಗೊತ್ತುಮಾಡಿ ಹೆಸರಿಟ್ಟನು. 1841ರಲ್ಲಿ ಅಮೆರಿಕದ ಜೇಮ್ಸ್ ಎಸ್ಪಿ ಎಂಬವನು ಬಿರುಗಾಳಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಎರಡು ಎಳೆಗಳನ್ನೂ ಸೇರಿಸಿ ಹೆಣೆದನು. ಒದ್ದೆ ಗಾಳಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ಆವಿ ಹನಿಯಾಗುತ್ತದೆ. ಗುಪ್ತೋಷ್ಣ ಬಿಡುಗಡೆಯಾಗಿ ಗಾಳಿ ಇನ್ನೂ ಬೆಚ್ಚಗಾಗಿ ಇನ್ನೂ ಮೇಲೇರುತ್ತದೆ. ಬಿಸಿಯಾದುದು ಮೇಲೇರಿ ತಣ್ಣಗಿನದು ಕೆಳಗಿಳಿಯುವ ಈ ಓಡಾಟಕ್ಕೆ ಸಂವಹನವೆನ್ನುತ್ತಾರೆ. ನಾವು ಲೆಕ್ಕ ಹಾಕಿ ನೋಡಿದೆವು: ಸಾಂತಾಕ್ರೂಜಿನ ಒಂದೊಂದು ಚದರ ಮೀಟರಿನ ಮೇಲೆ ಅಂದು ನೀರಾಗಿ ಇಳಿದ ಆವಿಯು ಮೇಲೆ ಬಿಟ್ಟ ಶಾಖವನ್ನು ವಿದ್ಯುತ್ತಿನ ಬಿಲ್ಲಿಗೆ ಇಳಿಸಿದರೆ ಆರುನೂರು ಯೂನಿಟ್ಟಿಗೂ ಹೆಚ್ಚಾಗುತ್ತದೆ. ಒಂದು ಸಂಸಾರಕ್ಕೆ ತಿಂಗಳುಗಟ್ಟಲೆ ಸಾಕಾಗುವ ವಿದ್ಯುತ್ತು ಒಂದು ಚಾಪೆಯಷ್ಟು ಜಾಗದ ಮೇಲೆ!

ಇಂಥ ಮೋಡ 15 ಕಿಲೋಮೀಟರಿನವರೆಗೂ ಎತ್ತರಕ್ಕೆ ಬೆಳೆಯಬಹುದು. ಅಗಲ ಮಾತ್ರ ಕಿರಿದು. ಕೊಲಾಬಾದ 73ಕ್ಕೂ ಸಾಂತಾಕ್ರೂಜಿನ 944ಕ್ಕೂ ಇರುವ ಅಂತರದ ಗುಟ್ಟು ಇದೇ. ಕೊಲಾಬಾದ ವೀಕ್ಷಣಾಲಯ ಈಸ್ಟ್ ಇಂಡಿಯಾ ಕಂಪೆನಿಯವರು 1826ರಲ್ಲಿ ಸ್ಥಾಪಿಸಿದ ಹಳೆಯ ಸಂಸ್ಥೆ. ಆದರೆ ಎಷ್ಟೇ ಹಳೆಯ ಸಂಸ್ಥೆಯಾದರೂ, ಮೋಡ ತನ್ನ ಮೇಲೆ ನಿಲ್ಲದಿದ್ದರೆ ಅದಕ್ಕೆ ಮಳೆ ಕಾಣುವುದಿಲ್ಲ. 2005ರ ಅನಂತರ ಮಹಾನಗರಪಾಲಿಕೆ ನಗರದ ಉದ್ದಗಲಕ್ಕೂ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿತು; ಕೊಲಾಬಾದಲ್ಲಿ ಡಾಪ್ಲರ್ ರಾಡಾರು ಬಂದಿತು. ಆದರೂ 2019ರ ಜುಲೈ 2ರ ನಸುಕಿನಲ್ಲಿ, ರಾತ್ರಿಯಿಡೀ ಹೊಡೆದ ಮಳೆಗೆ, ನಮ್ಮ ಮಲಾಡ್ ಪೂರ್ವದ ಕುರಾರ್ ಪ್ರದೇಶದಲ್ಲಿ ಗೋಡೆ ಕುಸಿದು ಗುಡಿಸಲುಗಳಲ್ಲಿ ಮಲಗಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮೋಡದ ಶಾಸ್ತ್ರ ಪಂಡಿತರ ಕಾಲಹರಣಕ್ಕೆ ಇರುವ ವಿಷಯವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ.

ಇನ್ನು ಗ್ರಹಗಳ ಮಾತಿಗೆ ಬರೋಣ. ಭೂಮಿಯ ಮೋಡಗಳನ್ನು ಬಲ್ಲವರು ಬೇರೆ ಲೋಕಗಳ ಮೋಡಗಳನ್ನು ಏಕೆ ಹುಡುಕುತ್ತಾರೆ? ಒಂದೇ ಊರಿನಲ್ಲಿ ಇದ್ದವನಿಗೆ ತನ್ನ ಊರಿನ ವಿಶೇಷ ಯಾವುದೆಂಬುದು ತಿಳಿಯುವುದಿಲ್ಲ. ಮುಂಬಯಿಗೆ ಬಂದ ಮೇಲೆಯೇ ನಮಗೆ ನಮ್ಮ ಕನ್ನಡ ಯಾವ ಸೀಮೆಯ ಕನ್ನಡವೆಂಬುದು ಗೊತ್ತಾದದ್ದು. ಮೋಡದ ವಿಷಯವೂ ಹೀಗೆಯೇ.

ಗುರುಗ್ರಹದ ಮೈಮೇಲಿನ ಪಟ್ಟೆಗಳನ್ನು ದೂರದರ್ಶಕ ಹುಟ್ಟಿದ ಸುಮಾರು ಇಪ್ಪತ್ತು ವರ್ಷಗಳಲ್ಲೇ ಕಂಡಿದ್ದರು. 1665ರಲ್ಲಿ ಕ್ಯಾಸಿನಿ ಎಂಬ ಜ್ಯೋತಿರ್ವಿದನು ಅದರ ಮೇಲಿನ ಕಲೆಗಳನ್ನು ಗುರುತು ಹಿಡಿದು, ಅಷ್ಟು ದೊಡ್ಡ ಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆಂದು ಲೆಕ್ಕ ಕೊಟ್ಟನು. ಕೆಲವು ವರ್ಷಗಳ ಮೇಲೆ ಅವನಿಗೇ ಇನ್ನೊಂದು ಸಂಗತಿ ಹೊಳೆಯಿತು: ಗ್ರಹದ ನಡುಪಟ್ಟೆ ಉಳಿದ ಭಾಗಗಳಿಗಿಂತ ಬೇಗ ಸುತ್ತುತ್ತಿತ್ತು. ಗಟ್ಟಿ ನೆಲ ಹಾಗೆ ತುಂಡು ತುಂಡಾಗಿ ಸುತ್ತಲಾರದು. ಕಾಣುತ್ತಿದ್ದುದು ನೆಲವಲ್ಲ, ಮೋಡ. ಆದರೆ ಯಾವುದರ ಮೋಡ? ಹತ್ತೊಂಬತ್ತನೆಯ ಶತಮಾನದವರು ಗುರುವನ್ನು ಇನ್ನೂ ಆರದ ಒಂದು ಪುಟ್ಟ ಸೂರ್ಯನೆಂದು ಎಣಿಸಿದ್ದರು. 1920ರ ದಶಕದಲ್ಲಿ ಹೆರಲ್ಡ್ ಜೆಫ್ರೀಸ್ ಅದರ ಹೊರಮೈ ಮಂಜಿಗಿಂತ ಎಷ್ಟೋ ತಣ್ಣಗಿರಬೇಕೆಂದು ವಾದಿಸಿದನು. 1932ರಲ್ಲಿ ರೂಪರ್ಟ್ ವಿಲ್ಟ್ ಎಂಬ ಜರ್ಮನ್ ತರುಣನು ಗುರು ಶನಿಗಳ ಬೆಳಕಿನ ರೋಹಿತದಲ್ಲಿದ್ದ ಕಪ್ಪು ಪಟ್ಟಿಗಳು ಅಮೋನಿಯ ಮತ್ತು ಮೀಥೇನುಗಳ ಗುರುತೆಂದು ತೋರಿಸಿದನು. 1969ರಲ್ಲಿ ಜಾನ್ ಲೂಯಿಸ್ ಮೂರು ಅಂತಸ್ತುಗಳ ಒಂದು ಚಿತ್ರವನ್ನು ಮುಂದಿಟ್ಟನು: ಮೇಲೆ ಅಮೋನಿಯದ ಹರಳುಗಳ ಮೋಡ, ಅದರ ಕೆಳಗೆ ಅಮೋನಿಯವೂ ಗಂಧಕವೂ ಕೂಡಿದ ಮೋಡ, ಎಲ್ಲಕ್ಕೂ ಕೆಳಗೆ, ನಮ್ಮ ಕಣ್ಣಿಗೆ ಬೀಳದ ಆಳದಲ್ಲಿ, ನೀರಿನ ಮೋಡ. ಇಂದಿಗೂ ಆ ಚಿತ್ರದ ಚೌಕಟ್ಟು ನಿಂತಿದೆ.

ನಮ್ಮ ಮಳೆಗೆ ಸೂರ್ಯನ ಬಿಸಿಲು ಮೂಲ. ಬಿಸಿಲಿಗೆ ನೆಲ ಕಾಯಬೇಕು, ಕಡಲು ಆವಿಯಾಗಬೇಕು, ಪಶ್ಚಿಮ ಘಟ್ಟ ಅಡ್ಡ ನಿಲ್ಲಬೇಕು. ಆಗ ಆಗುಂಬೆಯಲ್ಲಿ ಮಳೆ. ಗುರು ಶನಿಗಳಲ್ಲಿ ಘಟ್ಟವಿಲ್ಲ, ಕಡಲಿಲ್ಲ, ಕಾಲೂರುವುದಕ್ಕೆ ನೆಲವೇ ಇಲ್ಲ. ಬಿಸಿಲೋ ಗುರುವಿನಲ್ಲಿ ನಮ್ಮದರ ಇಪ್ಪತ್ತೇಳನೆಯ ಒಂದು ಪಾಲು, ಶನಿಯಲ್ಲಿ ತೊಂಬತ್ತನೆಯ ಒಂದು ಪಾಲು. ಆದರೂ ಅಲ್ಲಿ ಮೋಡ ಕುದಿಯುತ್ತದೆ. 1960ರ ದಶಕದಲ್ಲಿ ಫ್ರಾಂಕ್ ಲೋ ಎಂಬವರೂ ಅವರ ಸಂಗಡಿಗರೂ ಮಾಡಿದ ಅಳತೆಗಳಿಂದ ಕಾರಣ ಹೊರಬಿತ್ತು: ಈ ಗ್ರಹಗಳು ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚು, ಸುಮಾರು ಎರಡು ಪಟ್ಟು, ಶಾಖವನ್ನು ಹೊರಗೆ ಬಿಡುತ್ತವೆ. ಹುಟ್ಟಿದಂದಿನ ಕಾವು ಇನ್ನೂ ಒಡಲಿನಲ್ಲಿದೆ. ಒಲೆ ಒಳಗೇ ಇದ್ದಮೇಲೆ ಬಿಸಿಲು ಏತಕ್ಕೆ? 1979ರಲ್ಲಿ ವಾಯೇಜರ್ ನೌಕೆ ಗುರುವಿನ ಇರುಳ ಬದಿಯಲ್ಲಿ ಮಿಂಚುಗಳನ್ನು ಕಂಡಿತು. ಅಲ್ಲಿಯೂ ಗುಡುಗು ಮಳೆಯುಂಟೆಂದು ಸ್ಪಷ್ಟವಾಯಿತು.

1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯಿಂದ ಕಳಚಿ ಹೋದ ಒಂದು ಉಪಕರಣ ಗುರುವಿನ ಗಾಳಿಯೊಳಗೆ ಧುಮುಕಿತು. ಸುಮಾರು ಒಂದು ಗಂಟೆ ವರದಿ ಕಳುಹಿಸಿ ಆಳದ ಬೇಗೆಯಲ್ಲಿ ಅಳಿಯಿತು. ನೀರಿನ ಮೋಡಕ್ಕಾಗಿ ಕಾದಿದ್ದವರಿಗೆ ಸಿಕ್ಕಿದ್ದು ಒಣಗಾಳಿ. ಪಂಡಿತರು ಕಂಗಾಲಾದರು. ಕಡೆಗೆ ಭೂಮಿಯಿಂದ ತೆಗೆದ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಆ ಉಪಕರಣ ಗುರುವಿನ ಅಪರೂಪದ ಒಣ ತಾಣವೊಂದಕ್ಕೆ ಬಿದ್ದಿತ್ತೆಂದು ಗೊತ್ತಾಯಿತು. ಅಲ್ಲಿ ಗಾಳಿ ಮೇಲಿಂದ ಕೆಳಗಿಳಿಯುತ್ತಿತ್ತು. 26ನೆಯ ಜುಲೈ ದಿನ ಕೊಲಾಬಾದಲ್ಲಿ ಕುಳಿತು ಮುಂಬಯಿಯ ಮಳೆಯನ್ನು ಅಳೆದಂತೆ! 2016ರಲ್ಲಿ ಗುರುವನ್ನು ತಲಪಿದ ಜೂನೋ ನೌಕೆ ಮೇಲಿನಿಂದಲೇ ಆಳವನ್ನು ಇಣುಕಿ ನೋಡಿದ ಮೇಲೆ, 2020ರಲ್ಲಿ, ಸಮಭಾಜಕದ ಬಳಿಯ ನೀರಿನ ಪ್ರಮಾಣ ತಕ್ಕಮಟ್ಟಿಗೆ ನಿಶ್ಚಯವಾಯಿತು: ನಾಲ್ಕುನೂರು ಅಣುಗಳಿಗೆ ಸುಮಾರು ಒಂದು.

ಈಗ ಶನಿ. ಶನಿಯೆಂದೊಡನೆ ನಮ್ಮಲ್ಲಿ ಸಾಡೇಸಾತಿಯ ಭಯ. ಜಾತಕದ ಗೊಡವೆಗೆ ನಾವು ಹೋಗುವುದಿಲ್ಲ. ಆದರೆ ಆ ಲೆಕ್ಕದ ಬುಡದಲ್ಲಿ ಒಂದು ಸತ್ಯವುಂಟು. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಇಪ್ಪತ್ತೊಂಬತ್ತೂವರೆ ವರ್ಷ. ನಮ್ಮ ಹಿರಿಯರು ಮಂದನೆಂದು ಕರೆದುದು ಇದಕ್ಕೇ. ದೂರದರ್ಶಕದಲ್ಲಿ ಈ ಗ್ರಹ ಬಲು ಶಾಂತ: ಬಳೆ ತೊಟ್ಟ, ಕೆನೆಬಣ್ಣದ, ಹೆಚ್ಚು ಕಲೆಗಳಿಲ್ಲದ ಉಂಡೆ. ಆದರೆ ಹಲವು ದಶಕಗಳಿಗೊಮ್ಮೆ ಅದರ ಮೇಲೆ ಒಂದು ಬಿಳಿಯ ಚುಕ್ಕೆ ಏಳುತ್ತದೆ. ವಾರಗಳಲ್ಲಿ ಹಿಗ್ಗಿ, ಗ್ರಹದ ಸುತ್ತ ಬೆಳ್ಳಗಿನ ಪಟ್ಟಿಯಾಗಿ ಹಬ್ಬುತ್ತದೆ. ಇದುವರೆಗೆ ಲೆಕ್ಕಕ್ಕೆ ಸಿಕ್ಕಿದ ಮಹಾಬಿರುಗಾಳಿಗಳು ಆರು: 1876, 1903, 1933, 1960, 1990, 2010.

ಕಂಡವರ ಕತೆ ಕಂಡ ವಸ್ತುವಿನಷ್ಟೇ ಸ್ವಾರಸ್ಯವಾದುದು. 1876ರದನ್ನು ವಾಷಿಂಗ್ಟನ್ನಿನ ದೊಡ್ಡ ದೂರದರ್ಶಕದಲ್ಲಿ ಕಂಡವನು ಏಸಫ್ ಹಾಲ್. ಆ ಚುಕ್ಕೆಯನ್ನೇ ಹಿಡಿದು ಶನಿಯ ದಿನ ಸುಮಾರು ಹತ್ತೂಕಾಲು ಗಂಟೆಯದೆಂದು ಕಂಡುಹಿಡಿದನು. ಮರುವರ್ಷ ಮಂಗಳನ ಎರಡು ಚಂದ್ರರನ್ನು ಕಂಡವನೂ ಇವನೇ. 1903ರದನ್ನು ಕಂಡ ಬಾರ್ನಾರ್ಡನು ಕಡುಬಡವರ ಮನೆಯ ಹುಡುಗ. ಒಂಬತ್ತು ವರ್ಷ ತುಂಬುವ ಹೊತ್ತಿಗೆ ಫೋಟೋ ಅಂಗಡಿಯಲ್ಲಿ ಕೂಲಿಗೆ ಸೇರಿದ್ದನು. ಶಾಲೆಯ ಮುಖ ನೋಡಿದ್ದು ಅತಿ ಸ್ವಲ್ಪ. ಹಗಲು ಹೋಟೆಲಿನ ಮೇಜು ಒರಸಿ ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ಹಿರಿಯರನ್ನು ಕಂಡಿರುವ ನಮಗೆ ಈ ಬಾರ್ನಾರ್ಡನ ಗುರುತು ಹತ್ತುವುದು ಕಷ್ಟವಲ್ಲ.

1933ರ ಆಗಸ್ಟ್ 3ರ ಇರುಳು ಶನಿಯ ಬಿಳಿ ಚುಕ್ಕೆಯನ್ನು ಮೊದಲು ಕಂಡವನು ಲಂಡನ್ನಿನ ಒಬ್ಬ ಹಾಸ್ಯನಟ! ವಿಲ್ ಹೇ ಎಂದು ಅವನ ಹೆಸರು. ರಂಗದ ಮೇಲೆ ಏನೂ ಬಾರದ ಶಾಲಾಮಾಸ್ತರನ ಪಾತ್ರ ಹಾಕಿ ಜನರನ್ನು ನಗಿಸುವುದು ಕಸುಬು. ಮನೆಯ ಹಿತ್ತಿಲಿನ ಆರಂಗುಲದ ದೂರದರ್ಶಕ ಅವನ ಹುಚ್ಚು. ವೇಷ ಕಳಚಿ ಬಣ್ಣ ಒರಸಿಕೊಂಡು ಬಂದು ಆಕಾಶ ನೋಡುವುದು. ನಮ್ಮ ಯಕ್ಷಗಾನದ ಹಾಸ್ಯಗಾರರೊಬ್ಬರು ಬೆಳಗಿನ ಜಾವದ ಮಂಗಳ ಮುಗಿಸಿ ಬಂದು ಶನಿಯ ಮೇಲೆ ಬಿರುಗಾಳಿ ಎದ್ದಿದೆಯೆಂದು ಸಾರಿದ್ದರೆ ಎಷ್ಟು ಜನ ನಂಬುತ್ತಿದ್ದರು? ಲಂಡನ್ನಿನಲ್ಲಿ ನಂಬಿದರು, ಏಕೆಂದರೆ ಅವನು ಅಳೆದು ಬರೆದಿಟ್ಟಿದ್ದನು.

1960ರ ಚುಕ್ಕೆಯನ್ನು ಮಾರ್ಚ್ 31ರಂದು ದಕ್ಷಿಣ ಆಫ್ರಿಕದ ಬೋಥಮ್ ಎಂಬ ಹವ್ಯಾಸಿ ಕಂಡನು. ಮುಂಬಯಿ ರಾಜ್ಯ ಇಬ್ಭಾಗವಾಗಿ ಮಹಾರಾಷ್ಟ್ರ ಹುಟ್ಟುವುದಕ್ಕೆ ಆಗ ಇನ್ನೊಂದು ತಿಂಗಳಿತ್ತು. ಮುಂಬಯಿ ಯಾರ ಪಾಲಿಗೆ, ನಮ್ಮ ಗತಿ ಏನು ಎಂದು ಕನ್ನಡಿಗರ ಹೋಟೆಲುಗಳಲ್ಲಿ ನಡೆದ ಚರ್ಚೆಯ ನಡುವೆ ಶನಿಯ ಸುದ್ದಿ ಇಲ್ಲಿ ಯಾರ ಕಿವಿಗೂ ಬಿದ್ದಿರಲಾರದು. 1990ರದೂ ಹವ್ಯಾಸಿಯೊಬ್ಬನಿಗೇ ಮೊದಲು ಕಂಡಿತು. ಆ ವರ್ಷವೇ ಆಕಾಶಕ್ಕೇರಿದ್ದ ಹಬಲ್ ದೂರದರ್ಶಕ ಅದರ ಚಿತ್ರ ತೆಗೆಯಿತು.

2010ರ ಹೊತ್ತಿಗೆ ಕ್ಯಾಸಿನಿ ನೌಕೆ ಶನಿಯ ಸುತ್ತಲೇ ಇತ್ತು. ಡಿಸೆಂಬರ್ 5ರಂದು ಅದರ ರೇಡಿಯೋ ಯಂತ್ರಕ್ಕೆ ಮಿಂಚಿನ ಕಟಕಟ ಸದ್ದು ಕೇಳಿಬಂದಿತು. ಚುಕ್ಕೆಯಾಗಿ ಕಾಣಿಸಿದ್ದೂ ಅದೇ ದಿನ. ಜನವರಿಯ ಕೊನೆಗೆ ಬಿರುಗಾಳಿಯ ತಲೆ ಗ್ರಹವನ್ನು ಸುತ್ತಿ ಬಂದು ತನ್ನ ಬಾಲವನ್ನೇ ಮುಟ್ಟಿತ್ತು. ಮಿಂಚು ತೀವ್ರವಾಗಿದ್ದಾಗ ಸೆಕೆಂಡಿಗ��� ಹತ್ತಕ್ಕೂ ಹೆಚ್ಚು. ತಿಂಗಳುಗಟ್ಟಲೆ ನಡೆದು 2011ರ ನಡುವಿನಲ್ಲಿ ಅದು ಅಡಗಿತು. ಆ ಮೋಡದಲ್ಲಿ ನೀರಿನ ಮಂಜುಗಡ್ಡೆಯ ಗುರುತು ಸಿಕ್ಕಿದುದರಿಂದ, ಬಿರುಗಾಳಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಳದ ನೀರಿನ ಮೋಡದಿಂದಲೇ ಎದ್ದು ಬಂದಿತ್ತೆಂಬುದು ಖಚಿತವಾಯಿತು.

ಹಾಗಾದರೆ ನಡುವಣ ಇಪ್ಪತ್ತು ಮೂವತ್ತು ವರ್ಷ ಆ ಮಳೆ ಎಲ್ಲಿರುತ್ತದೆ? ಉತ್ತರ ಒಂದು ಸಣ್ಣ ತೂಕದ ಲೆಕ್ಕದಲ್ಲಿದೆ. ನಮ್ಮ ಗಾಳಿಯ ಅಣುಗಳ ಸರಾಸರಿ ತೂಕ 29; ನೀರಿನ ಅಣುವಿನದು 18. ನೀರಿನಾವಿ ಗಾಳಿಗಿಂತ ಹಗುರ. ಆದುದರಿಂದ ಭೂಮಿಯಲ್ಲಿ ಒದ್ದೆ ಗಾಳಿ, ಅಷ್ಟೇ ಬಿಸಿಯಾದ ಒಣ ಗಾಳಿಗಿಂತ ಹಗುರವಾಗಿದ್ದು ಸುಲಭವಾಗಿ ಮೇಲೇಳುತ್ತದೆ. ಶನಿಯ ವಾಯುಮಂಡಲ ಜಲಜನಕ ಹೀಲಿಯಮ್ಮುಗಳಿಂದಾದದ್ದು. ಅದರ ಸರಾಸರಿ ತೂಕ 2ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿ ನೀರಿನಾವಿಯೇ ಭಾರ! ಒದ್ದೆಯಾದ ಗಾಳಿ ಬಿಸಿಯಾಗಿದ್ದರೂ ಕೆಳಗೇ ಕುಳಿತಿರುತ್ತದೆ. ಲೋಟದ ತಳದಲ್ಲಿ ಬೆಲ್ಲದ ಗಟ್ಟಿ ಪಾಕ, ಅದರ ಮೇಲೆ ಮೆಲ್ಲಗೆ ಹೊಯ್ದ ನೀರು ಇದೆಯೆಂದು ತಿಳಿಯಿರಿ. ಪಾಕ ಎಷ್ಟೋ ಬಿಸಿಯಿದ್ದರೂ ಕಲಕದೆ ಮೇಲೇಳುವುದಿಲ್ಲ. ಶನಿಯಲ್ಲಿ ಕಲಕುವ ಚಮಚವಿಲ್ಲ.

ಫ್ರೆಂಚ್ ಪಂಡಿತ ತ್ರಿಸ್ತಾನ್ ಗಿಯೋ 1995ರಲ್ಲಿ ಈ ತಡೆಯನ್ನು ಬೃಹದ್ಗ್ರಹಗಳ ಸಂಬಂಧದಲ್ಲಿ ವಿವರಿಸಿದ್ದರು. 2015ರಲ್ಲಿ ಅಮೆರಿಕದ ಚೆಂಗ್ ಲಿ ಮತ್ತು ಆಂಡ್ರೂ ಇಂಗರ್ಸಾಲ್ ಇದೇ ಎಳೆಯಿಂದ ಶನಿಯ ಗಡಿಯಾರವನ್ನು ಬಿಡಿಸಿ ತೋರಿಸಿದರು. ಒಂದು ಮಹಾಬಿರುಗಾಳಿ ಮುಗಿದಾಗ ಮೇಲಿನ ಗಾಳಿಯ ನೀರೆಲ್ಲ ಸುರಿದುಹೋಗಿ ಅದು ಒಣಗಿ ಹಗುರವಾಗಿರುತ್ತದೆ. ಗುಪ್ತೋಷ್ಣದಿಂದ ಬೆಚ್ಚಗೂ ಇರುತ್ತದೆ. ಅದು ಮುಚ್ಚಳದಂತೆ ಮೇಲೆ ಕುಳಿತು, ಕೆಳಗಿನ ಭಾರವಾದ ಒದ್ದೆ ಗಾಳಿಯನ್ನು ಅಲುಗಲು ಬಿಡದು. ಒಡಲಿನ ಶಾಖ ಕೆಳಗಿನಿಂದ ಒತ್ತುತ್ತಲೇ ಇರುತ್ತದೆ. ಮುಚ್ಚಳ ಮಾತ್ರ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು ಬಿಟ್ಟು, ವರ್ಷಗಟ್ಟಲೆ ನಿಧಾನವಾಗಿ ತಣಿಯುತ್ತದೆ, ತಣಿದಂತೆ ಭಾರವಾಗುತ್ತದೆ. ಒಂದು ದಿನ ಅದರ ತೂಕ ಕೆಳಗಿನ ಒದ್ದೆ ಗಾಳಿಯ ತೂಕವನ್ನು ಮೀರುತ್ತದೆ. ಆಗ ಮೇಲಿನದು ಕುಸಿದು ಕೆಳಗಿನದು ನುಗ್ಗಿ ಏಳುತ್ತದೆ. ಹೀಗೆ ಒಂದೇ ಪ್ರದೇಶದಲ್ಲಿ ಮತ್ತೊಮ್ಮೆ ಬಿರುಗಾಳಿ ಏಳಲು ಅವರ ಲೆಕ್ಕದಂತೆ ಬೇಕಾದದ್ದು ಸುಮಾರು ಅರುವತ್ತು ವರ್ಷ. ದಾಖಲೆ ನೋಡಿದರೆ, ಸಮಭಾಜಕದ ಆಸುಪಾಸಿನಲ್ಲಿ ಎದ್ದವು 1876, 1933, 1990ರವು: ನಡುವೆ ಸರಿಯಾಗಿ 57, 57 ವರ್ಷ. ಉಳಿದ ಮೂರು ಅದಕ್ಕಿಂತ ಉತ್ತರದವು. ವರಾಹಮಿಹಿರನ ಗರ್ಭದ ಲೆಕ್ಕ ನಮ್ಮ ಮೋಡಗಳಿಗೆ ಹೊಂದಲಿಲ್ಲ. ಶನಿಯ ಮೋಡಗಳು ಗರ್ಭ ಧರಿಸುವುದು ನಿಜ; 195 ದಿನ ಮಾತ್ರ ಸಾಲದು.

ಈ ತಡೆಯ ಮಾತು ಯುರೇನಸ್ಸಿಗೂ ಅನ್ವಯಿಸಬಹುದೆಂದು ಕೆಲವರ ಊಹೆ. ಅಲ್ಲಿ ತಡೆಯುವುದು 16ರ ತೂಕದ ಮೀಥೇನ್. 1986ರಲ್ಲಿ ವಾಯೇಜರ್ ಹತ್ತಿರದಿಂದ ಕಂಡಾಗ ಆ ಗ್ರಹ ಹೊರಗೆ ಬಿಡುವ ಒಳಶಾಖ ತೀರ ಕಡಿಮೆಯೆಂದು ತೋರಿತ್ತು. ಯುರೇನಸ್ಸಿನ ಮಾತು ಬಂದಾಗ ನಮ್ಮ ನೆರೆಯ ಕಾವಲೂರನ್ನು ನೆನೆಯದಿದ್ದರೆ ತಪ್ಪಾದೀತು. ಊರು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿದೆ. ಅದನ್ನು ನಡೆಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಬೆಂಗಳೂರಿನ ಕೋರಮಂಗಲದಲ್ಲಿದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಲಿದ್ದಾಗ, ಅಲ್ಲಿನ ಒಂದು ಮೀಟರಿನ ದೂರದರ್ಶಕದಲ್ಲಿ ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಕಾದು ಕುಳಿತಿದ್ದರು. ಗ್ರಹ ಬರುವ ಮೊದಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಂದಿತು. ಹೊಸ ಉಪಗ್ರಹವಿರಬೇಕೆಂದು ಮೊದಲು ಎಣಿಸಿದರು. ಅದು ಯುರೇನಸ್ಸಿನ ಬಳೆ. ಅದೇ ಇರುಳು ಅಮೆರಿಕದವರು ವಿಮಾನದಿಂದ ಕಂಡದ್ದೂ ಇದನ್ನೇ. ಇಲ್ಲಿ ವರಳಿಯ ನೆಹರೂ ತಾರಾಲಯ ತೆರೆದು ಆಗಿನ್ನೂ ಒಂದು ವಾರವಾಗಿತ್ತು.

ಮೊನ್ನೆ ಅದೇ ಹಿರಿಯರು ಮಾರ್ಕೆಟ್ಟಿನಲ್ಲಿ ಬಸಳೆಯ ಕಟ್ಟು ಹಿಡಿದು ನಿಂತಿದ್ದರು. ನಿಮ್ಮ ಪ್ರಶ್ನೆ ಮಲಾಡಿಗೆ ತಪ್ಪು, ಶನಿಗೆ ಸರಿ ಎಂದೆವು. ಕತೆಯನ್ನೆಲ್ಲ ಕೇಳಿ, 57ನ್ನು 1990ಕ್ಕೆ ಬೆರಳೆಣಿಸಿ ಕೂಡಿಸಿ, "2047. ನನಗೆ ಸಿಗುವುದಿಲ್ಲ, ಮೊಮ್ಮಗಳಿಗೆ ಸಿಗಬಹುದು" ಎಂದರು. ಅಷ್ಟು ಖಚಿತವಾಗಿ ಹೇಳಬರುವುದಿಲ್ಲ, 2010ರದು ನಿರೀಕ್ಷೆಗಿಂತ ಹತ್ತು ವರ್ಷ ಮೊದಲೇ ಬಂದಿತ್ತು ಎಂದು ನಾವು ಎಚ್ಚರಿಸಿದೆವು. ಅವರಿಗೆ ಬೇರೆಯೇ ಚಿಂತೆ.

"ಅದಿರಲಿ. ಅಷ್ಟು ನೀರು ಬಿದ್ದರೆ ಹೋಗುವುದೆಲ್ಲಿಗೆ? ಅಲ್ಲೇನು ಗಟಾರ ಇದೆಯಾ?"

ಗಟಾರವೂ ಇಲ್ಲ, ನೆಲವೂ ಇಲ್ಲ ಎಂದೆವು. ಹನಿ ಬೀಳುತ್ತ ಬೀಳುತ್ತ ಆಳದ ಕಾವಿಗೆ ಸಿಕ್ಕಿ ಮತ್ತೆ ಆವಿಯಾಗುತ್ತದೆ. ಭಾರವಾದ ಆ ಆವಿ ಕೆಳಗೆ ಕುಳಿತುಕೊಂಡು ಇನ್ನೊಂದು ಅರುವತ್ತು ವರ್ಷ ಕಾಯುತ್ತದೆ.